ಪಿ0171 ಬಂತು ಅಂತ ಸೆನ್ಸರ್ ಬದಲಿಸಿಬಿಟ್ಟಿದ್ದೆ

ದಾವಣಗೆರೆ ಪಿ.ಬಿ. ರೋಡಿನ ಗ್ಯಾರೇಜಿಗೆ ಸೇರಿ ಆಗಿನ್ನೂ ಎರಡನೇ ವರ್ಷ, ಗಾಡಿ ಕಂಪ್ಯೂಟರ್ ಬರ್ಕೊಂಡಿರೋ ಫಾಲ್ಟ್ ಕೋಡ್ ಓದೋ ಸ್ಕ್ಯಾನರ್ ನನ್ನ ಕೈಗೆ ಬಂದಿದ್ದೇ ಹೊಸದು. ಹೊಳಲ್ಕೆರೆ ಕಡೆಯ ಅಡಿಕೆ ತೋಟದ ಯಜಮಾನ್ರೊಬ್ರು ಪೆಟ್ರೋಲ್ ಕಾರ್ ತಂದ್ರು, ಮೀಟರ್‌ನಲ್ಲಿ ಹಳದಿ ಇಂಜಿನ್ ಲೈಟ್. ಸ್ಟೇರಿಂಗ್ ಕೆಳಗಿನ 16 ಪಿನ್ ಸಾಕೆಟ್‌ಗೆ ಸ್ಕ್ಯಾನರ್ ಹಾಕಿದ್ರೆ ಪಿ0171, ಅಂದ್ರೆ ಲೀನ್, ಗಾಳಿ ಜಾಸ್ತಿ ಪೆಟ್ರೋಲ್ ಕಮ್ಮಿ. ಇದನ್ನ ಹೇಳೋದು ಹೊಗೇಲಿ ಎಷ್ಟು ಆಕ್ಸಿಜನ್ ಉಳಿದಿದೆ ಅಂತ ನೋಡೋ ಆಕ್ಸಿಜನ್ ಸೆನ್ಸರ್ ತಾನೆ, ಅದೇ ಹೋಗಿರ್ಬೇಕು ಅಂತ ಹೊಸದು ಹಾಕಿ, ಕೋಡ್ ಅಳಿಸಿ, ನಾಲ್ಕು ಸಾವಿರ ಬಿಲ್ ಮಾಡಿ ಕಳಿಸಿದೆ.

ಐದನೇ ದಿನಕ್ಕೆ ವಾಪಸ್. "ಏನ್ ತಮ್ಮಾ, ದುಡ್ಡು ತಗಂಡಿ, ಲೈಟು ಹಂಗೇ ಐತಲ್ಲ" ಅಂದ್ರು ಅಷ್ಟೇ, ಬೈಲಿಲ್ಲ, ಅದೇ ಜಾಸ್ತಿ ಚುಚ್ತು.

"ಫ್ರೀಝ್ ಫ್ರೇಮ್ ನೋಡಿದ್ಯೇನಲೇ?" ಅಂತ ಕೇಳಿದ್ರು ನಮ್ಮ ಮೇಸ್ತ್ರಿ. ನೋಡಿರ್ಲಿಲ್ಲ. ಕೋಡ್ ಬೀಳೋ ಹೊತ್ತಲ್ಲಿ ಸ್ಪೀಡ್ ಎಷ್ಟು, ಆರ್‌ಪಿಎಂ ಎಷ್ಟು, ಇಂಜಿನ್ ಎಷ್ಟು ಬಿಸಿ, ಪೆಟ್ರೋಲ್ ಎಷ್ಟು ಏರಿಸಿ ಕೊಡ್ತಿತ್ತು ಎಲ್ಲಾನೂ ಕಂಪ್ಯೂಟರ್ ಫೋಟೋ ಹಿಡಿದಂಗೆ ಇಟ್ಕೊಂಡಿರುತ್ತೆ, ಕೋಡ್ ಅಳಿಸಿದ್ರೆ ಅದೂ ಹೋಗುತ್ತೆ, ಮೊದಲ ಸಲದ್ದನ್ನ ನಾನೇ ಕೈಯಾರೆ ಅಳಿಸಿದ್ದೆ. ಈ ಸಲ ತೆಗೆದ್ರೆ ಸ್ಪೀಡ್ 0, ಆರ್‌ಪಿಎಂ 780, ಫ್ಯೂಯಲ್ ಟ್ರಿಮ್ +24, ಅಂದ್ರೆ ಪೆಟ್ರೋಲ್ ಮಾಮೂಲಿಗಿಂತ ನೂರಕ್ಕೆ 24 ಜಾಸ್ತಿ ಕೊಡ್ತಿತ್ತು. ರೇಸ್ ಕೊಟ್ಟು 2500ಕ್ಕೆ ಹಿಡಿದ್ರೆ ಟ್ರಿಮ್ ಇಳೀತಾ ಬಂತು. ಅಂದ್ರೆ ಒಳಗೆ ಹೋಗೋ ಗಾಳಿ ಅಳೆಯೋ ಏರ್‌ಫ್ಲೋ ಸೆನ್ಸರ್ ಲೆಕ್ಕಕ್ಕೆ ಸಿಗದಂಗೆ ಎಲ್ಲೋ ಗಾಳಿ ನುಗ್ತಿದೆ, ಐಡಲ್‌ನಲ್ಲಿ, ಅಂದ್ರೆ ರೇಸ್ ಕೊಡದೆ ನಿಂತಲ್ಲೇ ಓಡ್ತಿರುವಾಗ, ಇಂಜಿನ್ ಎಳೆಯೋ ಗಾಳೀನೇ ಕಮ್ಮಿ, ಅದಕ್ಕೆ ಸಣ್ಣ ಸೀಳೂ ಅಲ್ಲಿ ದೊಡ್ಡದಾಗಿ ಕಾಣುತ್ತೆ. ಪೆಟ್ರೋಲ್ ಪಂಪ್ ವೀಕ್ ಆಗಿದ್ರೆ ಉಲ್ಟಾ, ಲೋಡ್ ಬಿದ್ದಾಗ ಲೀನ್ ಆಗೋದು.

ಸಿಲಿಂಡರ್‌ಗಳಿಗೆ ಗಾಳಿ ಹಂಚೋ ಮ್ಯಾನಿಫೋಲ್ಡ್ ಹಿಂದೆ, ಇಂಜಿನ್ ಒಳಗಿನ ಆವೀನ ವಾಪಸ್ ಎಳೆಯೋ ಪಿಸಿವಿ ಪೈಪ್ ಹತ್ರ ಕ್ಲೀನರ್ ಸ್ಪ್ರೇ ಹೊಡೆದ ಕೂಡ್ಲೇ ಇಂಜಿನ್ ಸೌಂಡೇ ಬದಲಾಯ್ತು, ಸ್ಪ್ರೇನ ಅಲ್ಲಿಂದ ಒಳಗೆ ಎಳ್ಕೊಂಡಿತ್ತು. ಮೇಲಿಂದ ನೋಡಿದ್ರೆ ಪೈಪ್ ಚೆನ್ನಾಗೇ ಇತ್ತು, ಬಾಗಿರೋ ಕಡೆ ಕೆಳಗಿನ ಮಗ್ಗಲಿಗೆ ಉಗುರಗಲ ಸೀಳು, ಬೆರಳಲ್ಲಿ ಒತ್ತಿದ್ರೆ ಬಾಯಿ ಬಿಡ್ತಿತ್ತು. ಆಕ್ಸಿಜನ್ ಸೆನ್ಸರ್ ಪಾಪ ಇದ್ದಿದ್ದನ್ನ ಇದ್ದಂಗೇ ಹೇಳಿತ್ತು, ನಾನು ಅದನ್ನೇ ಕಿತ್ತು ಹಾಕಿದ್ದೆ. ಹಳೇದು ಇನ್ನೂ ಶೆಲ್ಫ್‌ನಲ್ಲೇ ಇತ್ತು, ಅದನ್ನೇ ವಾಪಸ್ ಹಾಕಿ, ಪೈಪಿನ 220 ರೂಪಾಯಿ ಹಿಡ್ಕೊಂಡು ಉಳಿದ ದುಡ್ಡು ಹಿಂದಕ್ಕೆ ಕೊಟ್ವಿ.

ಐದು ದಿನ ಲೈಟ್ ಯಾಕೆ ಬರ್ಲಿಲ್ಲ ಅನ್ನೋದೂ ಆಗ್ಲೇ ಅರ್ಥ ಆಗಿದ್ದು. ಇಂಥ ಫಾಲ್ಟ್‌ನ ಕಂಪ್ಯೂಟರ್ ಮೊದಲ ಸಲ ಕಂಡಾಗ ಪೆಂಡಿಂಗ್ ಅಂತ ಬರ್ಕೊಳುತ್ತೆ, ಮುಂದಿನ ಓಡಾಟದಲ್ಲೂ ಕಂಡ್ರೇನೇ ಲೈಟ್ ಹಾಕೋದು. ಅದಕ್ಕೆ ಈ ಸಲ ಗಾಡೀನ ಎರಡು ದಿನ ನಮ್ಮಲ್ಲೇ ಇಟ್ಕೊಂಡು, ಬೆಳಿಗ್ಗೆ ಇಂಜಿನ್ ತಣ್ಣಗಿದ್ದಾಗೊಂದ್ ಸಲ ಸಂಜೆ ಒಂದ್ ಸಲ ಹೈವೇಲಿ ಆನಗೋಡು ತನಕ ಓಡಿಸಿ, ಪೆಂಡಿಂಗ್‌ನಲ್ಲೂ ಏನಿಲ್ಲ ಅಂತ ನೋಡಿನೇ ಯಜಮಾನ್ರಿಗೆ ಫೋನ್ ಮಾಡಿದ್ದು.