ಒಂಬತ್ತನೇ ಗುಮ್ಮಟ ಕೊನೆಗೂ ಎದ್ದಿತು

ಸ್ಪೀಕರಿನಲ್ಲಿ ಕೀಚಲು ಸದ್ದು ಹೊರಡಿಸುವ ಟ್ವೀಟರಿಗೆ ಅಂತ ಎರಡು ವರ್ಷದಿಂದ ವಜ್ರದ ತೆಳು ಗುಮ್ಮಟ ಬೆಳೆಸಲು ಒದ್ದಾಡುತ್ತಿದ್ದೇನೆ. ನಿನ್ನೆ ನಸುಕಿನ ನಾಲ್ಕೂವರೆಗೆ ಅದನ್ನು ಬೆಳೆಸುವ ಚೇಂಬರಿನೊಳಗಿಂದ ‘ಟಿಣ್’ ಅಂತ ಸದ್ದು ಬಂತು. ಹಿಂದಿನ ಸಲಗಳಲ್ಲೂ ಇದೇ ಸದ್ದು ಬಂದಿತ್ತು, ಮುಚ್ಚಳ ತೆಗೆದರೆ ಬರೀ ಚೂರು. ಹಾಗಾಗಿ ಈ ಸಲ ತೆಗೆಯುವ ಮೊದಲು ಹೊರಗೆ ಹೋಗಿ ಒಂದು ಚಹಾ ಕುಡಿದು ಬಂದೆ. ತೆಗೆದೆ. ಒಂದೇ ತುಂಡು! 20 ಮಿ.ಮೀ. ಅಗಲ, 4 ಮಿ.ಮೀ. ಎತ್ತರ, ಸುಮಾರು 20 ಮೈಕ್ರಾನ್ (ಮಿ.ಮೀ.ನ ಐವತ್ತನೇ ಒಂದು ಪಾಲು) ದಪ್ಪ. ಕೌಲ್‌ಬಜಾರಿನ ಅಕ್ಕಸಾಲಿ ಮಾವನ ತಕ್ಕಡಿಯಲ್ಲಿ 26 ಮಿಲಿಗ್ರಾಂ ತೂಗಿತು, ಅಂದರೆ ಕ್ಯಾರಟ್ಟಿನ ಎಂಟನೇ ಒಂದು ಪಾಲು. “ಗುಲಗಂಜಿ ಕಾಲು ಭಾಗಾನೂ ಇಲ್ಲಲ್ಲೋ, ಇದಕ್ಕಾ ಎರಡು ವರ್ಷ?” ಅಂದರು ಮಾವ.

ಬಣ್ಣದ ಬಗ್ಗೆ ಕೇಳಬೇಡಿ. ಉರಿದು ಮುಗಿದ ಸೊಳ್ಳೆ ಬತ್ತಿಯ ಬೂದಿ ಇದ್ದಂಗಿದೆ. ಮನೆಯವಳು ಅಂಗೈ ಮೇಲೆ ಇಟ್ಟುಕೊಂಡು ನೋಡಿ, “ಇದರಾಗ ಮೂಗುಬೊಟ್ಟಿಗೆ ಆಗೋದು ಏನರ ಐತೇನ್ರೀ?” ಅಂತ ಕೇಳಿ, ಇಲ್ಲ ಅಂದ ಮೇಲೆ ವಾಪಸು ಕೊಟ್ಟಳು.

ವ್ಯಾಕ್ಯೂಮ್ ಸೋರಿಕೆ, ನ್ಯಾನೋ ವಜ್ರದ ಪುಡಿಯಲ್ಲಿ ಅಚ್ಚಿಗೆ ಬೀಜ ಕೂರಿಸೋದು, ತಂತಿಗೆ ಮೊದಲೇ ಇಂಗಾಲ ಕುಡಿಸೋದು ಇವನ್ನೆಲ್ಲ ಬಿಟ್ಟುಬಿಡುತ್ತೇನೆ, ಇದರಲ್ಲಿ ಕೈ ಸುಟ್ಟುಕೊಂಡವರಿಗೆ ಗೊತ್ತಿರೋದೇ. ದಾರಿಯೂ ಹೊಸದಲ್ಲ, 1982ರಲ್ಲಿ ಜಪಾನಿನ ಮತ್ಸುಮೊಟೊ ತಂಡ ತೋರಿಸಿಕೊಟ್ಟ ಬಿಸಿ ತಂತಿಯ ವಿಧಾನ. 2100 ಡಿಗ್ರಿ ದಾಟಿದ ಟಂಗ್‌ಸ್ಟನ್ ತಂತಿ, ಕೆಳಗೆ 800 ಡಿಗ್ರಿಯ ಮಾಲಿಬ್ಡಿನಂ ಅಚ್ಚು, ಹೈಡ್ರೋಜನ್ನಿನಲ್ಲಿ ಚಿಟಿಕೆಯಷ್ಟು ಇಂಗಾಲ; ತಂತಿಯ ಬಿಸಿಗೆ ಅನಿಲ ಒಡೆದು ಇಂಗಾಲ ಅಚ್ಚಿನ ಮೇಲೆ ವಜ್ರವಾಗಿ ಕೂರುತ್ತದೆ. ಗಂಟೆಗೆ ಮುಕ್ಕಾಲು ಮೈಕ್ರಾನ್ ಬೆಳೆದರೆ ಆ ದಿನ ಹಬ್ಬ.

ಗ್ಯಾಸಿನವರ ಬಗ್ಗೆ ಮಾತ್ರ ಎರಡು ಮಾತು. ಮನೆಗೆ ಹೈಡ್ರೋಜನ್ ಕೊಡಲ್ಲ ಅಂದರು, ಸರಿ, ನಾನೂ ಕೊಡುತ್ತಿರಲಿಲ್ಲ. ಅದಕ್ಕೇ ಬಳ್ಳಾರಿಯ ಮುಂಡರಗಿ ಕೈಗಾರಿಕಾ ಪ್ರದೇಶದಲ್ಲಿ ಗೆಳೆಯನ ಶೆಡ್ಡಿನ ಒಂದು ಮೂಲೆ ಹಿಡಿದಿದ್ದು. ತಗಡಿನ ಮಾಡಿಗೆ ಗಾಳಿ ಕಿಂಡಿ, ಪಕ್ಕದ ಗೋಡೆಯಾಚೆ ಜೀನ್ಸ್ ಹೊಲಿಗೆ. ಆದರೆ ಇಂಗಾಲಕ್ಕೆ ಬೇಕಾದ ಮೀಥೇನ್ ಸಿಲಿಂಡರಿಗೆ ಐದು ತಿಂಗಳು “ನಾಳೆ ಬರ್ತದೆ ಸಾರ್”. ಕೊನೆಗೆ ಮೀಥೇನ್ ಆಸೆ ಬಿಟ್ಟು ಅಸಿಟೋನಿಗೆ ಇಳಿದೆ. ಹೈಡ್ರೋಜನ್ನಿನ ಒಂದು ಎಳೆಯನ್ನು ಅಸಿಟೋನ್ ಬಾಟಲಿಯೊಳಗೆ ಗುಳುಗುಳು ಅನಿಸಿ ತಂದರೆ ಇಂಗಾಲ ತಾನೇ ಬರುತ್ತದೆ. ಬಾಟಲಿ ಐಸಿನಲ್ಲಿ ಇರಬೇಕು ಅಷ್ಟೆ.

ಆ ‘ಅಷ್ಟೆ’ಗೆ ಎರಡು ಗುಮ್ಮಟ ಹೋದವು. ಅಸಿಟೋನಿನ ಆವಿಯ ಒತ್ತಡ 0 ಡಿಗ್ರಿಯಲ್ಲಿ ಸುಮಾರು 70 ಟಾರ್, 40 ಡಿಗ್ರಿಯಲ್ಲಿ 420ರ ಹತ್ತಿರ. ಬಳ್ಳಾರಿಯ ಮೇ ತಿಂಗಳಲ್ಲಿ ತಗಡಿನ ಶೆಡ್ಡಿನೊಳಗೆ ಮಧ್ಯಾಹ್ನ ಐಸ್ ಎಷ್ಟು ಹೊತ್ತು ಇರುತ್ತೆ ಅಂತ ನಾನು ಹೇಳಬೇಕಿಲ್ಲ. ನಾನು ಊಟಕ್ಕೆ ಹೋಗಿ ಬರೋದರೊಳಗೆ ಇಂಗಾಲ ಐದಾರು ಪಟ್ಟು ಏರಿ, ವಜ್ರದ ಜಾಗದಲ್ಲಿ ರೊಟ್ಟಿ ಹಂಚಿನ ತಳದ ಮಸಿ. ಇನ್ನೊಂದನ್ನು ಕರೆಂಟು ತಿಂದಿತು: 19ನೇ ಗಂಟೆಗೆ ದೀಪ ಹೋಯಿತು, ಇಂಗಾಲ ಕುಡಿದು ಗಾಜಿನಂತಾಗಿದ್ದ ಐದು ತಂತಿಯಲ್ಲಿ ಮೂರು ಪಟಪಟ ಮುರಿದು ಅಚ್ಚಿನ ಮೇಲೇ ಬಿದ್ದವು. ಈಗ ರಾತ್ರಿಯೇ ಶುರು ಮಾಡುತ್ತೇನೆ, ಹಗಲಿಗೆ ಶೆಡ್ಡಿನ ಹುಡುಗ ಎರಡು ಗಂಟೆಗೊಮ್ಮೆ ಐಸ್ ಸುರಿಯುತ್ತಾನೆ.

ಇವೆಲ್ಲ ಸಣ್ಣಪುಟ್ಟ ಕಾಟ. ನಿಜವಾಗಿ ತಲೆ ತಿಂದದ್ದು ಬಿರುಕು.

ನಾಲ್ಕರಿಂದ ಎಂಟರವರೆಗೆ ಐದು ಗುಮ್ಮಟಗಳೂ ಚೆನ್ನಾಗಿ ಬೆಳೆದವು, ಆರುವಾಗ ಒಡೆದವು. ಒಡೆದದ್ದೂ ಒಂದೇ ರೀತಿ: ಗುಮ್ಮಟದ ಬುಡದ ಸುತ್ತ ಉಂಗುರದಂತೆ ಬಿರುಕು, ಅಲ್ಲಿಂದ ಮೇಲಕ್ಕೆ ಮೂರ್ನಾಲ್ಕು ಸೀಳು. ಬೇಗ ಆರಿಸಿದ್ದೇ ತಪ್ಪು ಅಂದುಕೊಂಡೆ. ಅರ್ಧ ಗಂಟೆ ಇದ್ದದ್ದನ್ನು ನಾಲ್ಕು ಗಂಟೆ ಮಾಡಿದೆ, ಆಮೇಲೆ ಏಳು. ಒಡೆಯೋದು ನಿಲ್ಲಲಿಲ್ಲ, ತಡವಾಗಿ ಒಡೆಯಿತು. ಮಾಲಿಬ್ಡಿನಂ ವಜ್ರಕ್ಕಿಂತ ಜಾಸ್ತಿ ಕುಗ್ಗುತ್ತದೆ. ಕೋಣೆಯ ಬಿಸಿಯಲ್ಲಿ ಒಂದೊಂದು ಡಿಗ್ರಿಗೆ ವಜ್ರ ದಶಲಕ್ಷದಲ್ಲಿ 1 ಪಾಲು ಕುಗ್ಗಿದರೆ ಅದು 5 ಪಾಲು. ಆದರೆ ನಾನು ಮಾಲಿಬ್ಡಿನಂ ಆಯ್ದುಕೊಂಡದ್ದೇ ಅದಕ್ಕೆ. ಸಿಲಿಕಾನ್ ಅಚ್ಚಾದರೆ ಆಸಿಡ್ಡಿನಲ್ಲಿ ಕರಗಿಸಬೇಕು, ಇದು ಆರುತ್ತ ತಾನೇ ಒಳಕ್ಕೆ ಸರಿದು ಗುಮ್ಮಟವನ್ನು ಬಿಟ್ಟುಕೊಡಬೇಕು. ಬಿಟ್ಟುಕೊಡೋ ಬದಲು ಯಾಕೆ ಮುರಿಯುತ್ತಿದೆ?

ಲೇತಿನ ಅಣ್ಣನ ಮೇಲೆ ಹಾರಾಡಿದೆ. ಅಚ್ಚಿನ ಮೇಲೆ ಟೂಲಿನ ಗೆರೆ ಉಳಿಸಿದ್ದೀಯಾ ಅಂತ. “ಇದೇನ್ ಕಬ್ಬಿಣ ಸಾರ್, ಬೆಲ್ಲದಂಗ ಚೂರು ಏಳತೈತಿ, ನೀವೇ ಬಂದು ಹೊಡೀರಿ” ಅಂದ. ನ್ಯಾಯ. ಗೆರೆ ಹೋಗೋವರೆಗೆ ಎರಡು ಭಾನುವಾರ ತಿಕ್ಕಿದೆ. ಎಂಟನೆಯದೂ ಅದೇ ಉಂಗುರದಲ್ಲಿ ಹೋಯಿತು.

ಉತ್ತರ ಬಂದದ್ದು ಅಡುಗೆಮನೆಯಿಂದ, ಅದೂ ಬೈಗುಳದ ರೂಪದಲ್ಲಿ. ಅವ್ವನಿಗೆ ಮೈ ಸರಿ ಇರಲಿಲ್ಲ, ಪಡ್ಡು ಹಾಕಲು ನಾನು ಕೂತೆ. ಹಿಟ್ಟು ಧಾರಾಳವಾಗಿ ಸುರಿದೆ, ಒಂದೂ ಮಗುಚಲು ಬರಲಿಲ್ಲ. “ಹಿಟ್ಟು ಕುಣಿ ಬಿಟ್ಟು ಹೊರಗ ಹರದ್ರ ಪಡ್ಡು ಏಳಲ್ಲಪ್ಪ, ಅಂಚಿಗೆ ಹಿಡಕೊಂಡು ಅಲ್ಲೇ ಹರೀತೈತಿ” ಅಂದಳು ಅವ್ವ. ಕಡ್ಡಿ ಕೈಯಲ್ಲೇ ಉಳಿಯಿತು. ನನ್ನ ಅಚ್ಚು ಅಂದರೆ ಚಪ್ಪಟೆ ಬಿಲ್ಲೆಯ ನಡುವೆ ಒಂದು ಉಬ್ಬು. ವಜ್ರ ಉಬ್ಬಿನ ಮೇಲೆ ಮಾತ್ರ ಬೆಳೆಯುತ್ತಿರಲಿಲ್ಲ, ಸುತ್ತಲಿನ ಚಪ್ಪಟೆ ಜಾಗಕ್ಕೂ ಹರಿದು ಹಿಡಿದುಕೊಳ್ಳುತ್ತಿತ್ತು. ಉಬ್ಬು ಕುಗ್ಗಿ ಬಿಡುಗಡೆ ಕೊಟ್ಟರೂ ಅಂಚು ಬಿಡುತ್ತಿರಲಿಲ್ಲ. ಮೂಲೆಯಲ್ಲಿ ಸೀಳದೆ ಇನ್ನೇನು ಮಾಡೀತು?

ಚಪ್ಪಟೆ ಭಾಗವನ್ನೇ ತೆಗೆಸಿದೆ. ಹೊಸ ಅಚ್ಚು ಅಣಬೆಯಂತೆ: ಮೇಲೆ ಕೊಡೆ, ಅಂಚಿನ ಕೆಳಗೆ ಒಳಕ್ಕೆ ಕೊರೆದ ಕುತ್ತಿಗೆ. ಕುತ್ತಿಗೆ ನೆರಳಿನಲ್ಲಿ ಇರೋದರಿಂದ ಅಲ್ಲಿ ವಜ್ರ ಹತ್ತುವುದಿಲ್ಲ. ಲೇತಿನ ಅಣ್ಣನಿಗೆ ಕ್ಷಮೆ ಕೇಳಿ, ಮಿರ್ಚಿ ಮಂಡಕ್ಕಿ ಕೊಡಿಸಿ ಮಾಡಿಸಿಕೊಂಡೆ. 28 ಗಂಟೆ ಬೆಳೆ, ನಾಲ್ಕು ಗಂಟೆ ಆರಿಕೆ, ‘ಟಿಣ್’.

ಎಂಟನೆಯದರ ಚೂರನ್ನು ಪರಿಚಯದ ಮೇಷ್ಟ್ರೊಬ್ಬರು, ಬೆಳಕು ಬಿಟ್ಟು ವಸ್ತು ಯಾವುದು ಅಂತ ಗುರುತಿಸುವ ರಾಮನ್ ಯಂತ್ರಕ್ಕೆ ಹಾಕಿಸಿಕೊಟ್ಟಿದ್ದರು. 1332ರಲ್ಲಿ ನೆಟ್ಟಗೆ ನಿಂತ ಗೆರೆ, 1500ರ ಸುತ್ತ ಸ್ವಲ್ಪ ದಿಬ್ಬ, ಅಂದರೆ ವಜ್ರ ಹೌದು, ಜೊತೆಗೆ ಒಂದಿಷ್ಟು ಕಸವೂ ಹೌದು. ವಜ್ರದ ಹುಚ್ಚು ಹಿಡಿದು ಬೆಂಗಳೂರಿನಲ್ಲಿ ಅದರ ಮೇಲೇ ವರ್ಷಗಟ್ಟಲೆ ಕೆಲಸ ಮಾಡಿದ ಸಿ.ವಿ. ರಾಮನ್ ಅವರ ಹೆಸರಿನ ಪರೀಕ್ಷೆಯಲ್ಲಿ ಪಾಸಾಗಿದ್ದಕ್ಕೆ ಆ ಹಾಳೆಯನ್ನು ಕಟ್ಟು ಹಾಕಿಸಿದ್ದೇನೆ. ಇತ್ತ ಮೃಗಶಿರಾ ಮಳೆ ಬಿದ್ದಿದೆ, ಗುಂತಕಲ್ಲಿನಾಚೆ ವಜ್ರಕರೂರಿನ ಹೊಲಗಳಲ್ಲಿ ಜನ ಬಗ್ಗಿ ವಜ್ರ ಹುಡುಕುತ್ತಿರುತ್ತಾರೆ. ಅವರಿಗೆ ಸಿಕ್ಕರೆ ಲಕ್ಷ. ನನ್ನದನ್ನು ಯಾರಾದರೂ ಕೊಂಡರೆ ಐಸಿನ ದುಡ್ಡು ಹುಟ್ಟೀತು.

ಇಷ್ಟೆಲ್ಲ ಯಾಕೆ ಅಂದರೆ, 2005ರಲ್ಲಿ ಸ್ಪೀಕರ್ ಕಂಪನಿ ಬೋವರ್ಸ್ ಅಂಡ್ ವಿಲ್ಕಿನ್ಸ್‌ನವರು ವಜ್ರದ ಟ್ವೀಟರ್ ಹಾಕಿದಾಗಿನಿಂದ ಇರುವ ಹೊಟ್ಟೆಕಿಚ್ಚು. ಅಲ್ಯೂಮಿನಿಯಂನಲ್ಲಿ ಸದ್ದು ಸೆಕೆಂಡಿಗೆ 5 ಕಿ.ಮೀ. ಓಡಿದರೆ ವಜ್ರದಲ್ಲಿ ಹತ್ತಿರಹತ್ತಿರ 18. ಗುಮ್ಮಟ ತನ್ನಷ್ಟಕ್ಕೆ ಕಿರುಚಿಕೊಳ್ಳುವ ಹಂತ ಕಿವಿಗೆ ಸಿಗದಷ್ಟು ಮೇಲೆ ಹೋಗುತ್ತದೆ. ನನ್ನ 47ರ ಕಿವಿ 13,000 ಹರ್ಟ್ಸಿಗೇ ಮುಗಿಯುತ್ತದೆ ಅನ್ನೋದು ಬೇರೆ ಮಾತು.

ಸ್ಪೀಕರಿನ ಪೆಟ್ಟಿಗೆಯ ಬಗ್ಗೆ ಈಗಲೇ ತಲೆ ಓಡುತ್ತಿದೆ. ಕೊಪ್ಪಳದ ಕಿನ್ನಾಳದಲ್ಲಿ ಬೊಂಬೆಗೆ ಬಳಿಯುವ ಕಿಟ್ಟ ಇದೆಯಲ್ಲ, ಗೋಣಿ ನಾರು, ಮರದ ಹೊಟ್ಟು, ಹುಣಸೆಬೀಜದ ಅಂಟು ಕಲಸಿದ್ದು, ಅದನ್ನು ಪೆಟ್ಟಿಗೆಯ ಒಳಗೋಡೆಗೆ ಬೆರಳು ದಪ್ಪ ಬಳಿದರೆ ಹಲಗೆಯ ಗುಂಯ್‌ಗುಡುವಿಕೆ ನುಂಗಬೇಕು. ಒಂದು ಹಲಗೆಗೆ ಬಳಿದು ತಟ್ಟಿ ನೋಡಿದೆ, ಮಡಕೆಗೆ ಹೊಡೆದಂತೆ ‘ದಬ್’ ಅಂತು. ಹೊರಗೆ ಕಿನ್ನಾಳದವರ ಕೈಯಿಂದಲೇ ಗರುಡ ಬರೆಸಬೇಕು ಅಂತ ಆಸೆ.

ಮೊದಲು ಈ ಗುಮ್ಮಟಕ್ಕೆ ವಾಯ್ಸ್ ಕಾಯಿಲ್ (ಅದನ್ನು ಅದುರಿಸುವ ತಂತಿ ಸುರುಳಿ) ಅಂಟಿಸಬೇಕು. ಅದಕ್ಕೂ ಮೊದಲು ಇನ್ನೊಂದು ಗುಮ್ಮಟ ಬೇಕು, ಸ್ಟೀರಿಯೋ ಅಂದಮೇಲೆ ಬಲಕ್ಕೊಂದು ಎಡಕ್ಕೊಂದು. ಬುಧವಾರ ರಾತ್ರಿ ಹತ್ತನೆಯದು ಶುರು, ಐಸಿನವನಿಗೆ ಹೇಳಿದ್ದಾಗಿದೆ.