ವಿಲನ್ ಅತ್ತಿಗೆಯ ಹಸಿರು ಬಳೆ

ನಮ್ಮ ಚಿಕ್ಕಮ್ಮನ ಮಗಳು ಧಾರಾವಾಹಿಯೊಂದರಲ್ಲಿ ವಿಲನ್ ಅತ್ತಿಗೆ. ಪಾಪದ ನಾದಿನಿಗೆ ಕಾಟ ಕೊಡೋದೇ ಅವಳ ಕೆಲಸ. ಗದುಗಿನ ತೋಂಟದಾರ್ಯ ಜಾತ್ರೆಗೆ ಬಂದಿದ್ದ ನಾಟಕ ಕಂಪನಿಯೊಂದು ಅವಳನ್ನು ಅತಿಥಿ ಕಲಾವಿದೆ ಅಂತ ಕರೆಸಿತ್ತು. ಪೋಸ್ಟರಿನಲ್ಲಿ ಟಿವಿ ಮುಖ ಇದ್ದರೆ ಟಿಕೆಟ್ ಜಾಸ್ತಿ ಹೋಗ್ತವೆ. ಹುಬ್ಬಳ್ಳಿಯಿಂದ ಅವಳನ್ನು ಕರ್ಕೊಂಡು ಹೋಗೋ ಜವಾಬ್ದಾರಿ ನನಗೆ ಬಿತ್ತು.

ಕಾರು ಹತ್ತಿದವಳೇ ನಿದ್ದೆಗೆ ಬಿದ್ದಳು. ಅಣ್ಣಿಗೇರಿ ಹತ್ತಿರ ಎದ್ದು, ಕಟ್ಟಿಸ್ಕೊಂಡಿದ್ದ ಗಿರ್ಮಿಟ್ ಬಿಚ್ಚಿ ತಿನ್ನುತ್ತಾ ತನ್ನ ಪಾಡು ಹೇಳಿದಳು. ಬೆಂಗಳೂರಿನ ರಾಜರಾಜೇಶ್ವರಿ ನಗರದ ಬಾಡಿಗೆ ಮನೆಯಲ್ಲಿ ಶೂಟಿಂಗ್. ಬೆಳಗ್ಗೆ ಏಳಕ್ಕೆ ಮೇಕಪ್‌ಗೆ ಕೂರಬೇಕು, ಪ್ಯಾಕಪ್ ಯಾವಾಗ ಅಂತ ದೇವರಿಗೇ ಗೊತ್ತು. ದುಡ್ಡು ದಿನದ ಲೆಕ್ಕ. ಕತೆಯಲ್ಲಿ ಅತ್ತಿಗೆ ತವರಿಗೆ ಹೋದರೆ ಇವಳಿಗೆ ಸಂಪಾದನೆ ಇಲ್ಲ! ಸೀರೆ, ಸರ ಎಲ್ಲ ಸ್ವಂತದ್ದೇ. ಗುರುವಾರ ಟಿಆರ್‌ಪಿ ಬಂದಾಗ ಸೆಟ್ಟಿನಲ್ಲಿ ಎಲ್ಲರ ಮುಖವೂ ಪರೀಕ್ಷೆ ರಿಸಲ್ಟ್ ದಿನದ ಹಾಗೆ. ಉಮಾಶ್ರೀ ಥರ ನಾಟಕ, ಸಿನಿಮಾ, 2013ರಲ್ಲಿ ಮಂತ್ರಿಗಿರಿ, ಆಮೇಲೆ ಮತ್ತೆ ಧಾರಾವಾಹಿ ಅಂತ ಗಟ್ಟಿಯಾಗಿ ನಿಲ್ಲೋರು ಎಷ್ಟು ಮಂದಿ? ಹೆಚ್ಚಿನವರ ಹೆಸರು ಧಾರಾವಾಹಿ ಮುಗಿದ ತಿಂಗಳೊಪ್ಪತ್ತಿಗೆ ಮರೆತೇ ಹೋಗುತ್ತೆ.

ಗದುಗು ಗರುಡ ಸದಾಶಿವರಾಯರು ನಾಟಕ ಕಂಪನಿ ನಡೆಸಿದ ಊರು. ಇಲ್ಲಿನ ಜನ ನಟನೆಯನ್ನು ಅಷ್ಟು ಸುಲಭಕ್ಕೆ ಒಪ್ಪೋರಲ್ಲ. ಮಧ್ಯಾಹ್ನ ತಾಲೀಮಿನಲ್ಲೇ ಅದರ ಬಿಸಿ ತಟ್ಟಿತು. ನಮ್ಮವಳು ಟಿವಿಯಲ್ಲಿ ಮಾಡೋ ಹಾಗೇ ಒಂದು ಹುಬ್ಬು ಏರಿಸಿ, ತುಟಿ ಕೊಂಕಿಸಿ, ಮೆಲ್ಲಗೆ ಮಾತಾಡಿದಳು. ಕಂಪನಿಯ ಹಿರಿಯ ನಟಿ ಎಲೆಅಡಿಕೆ ಮೆಲ್ಲುತ್ತಾ ನೋಡ್ತಿದ್ದವರು, 'ಹುಬ್ಬು ಹಾರಿಸಿದ್ರ ಹಿಂದ ಕುಂತಾವಗ ಕಾಣಂಗಿಲ್ಲವಾ ತಂಗಿ. ಕೈ ಎತ್ತು, ದನಿ ಎತ್ತು' ಅಂದರು. ತಾವೇ ಎದ್ದು ಸೆರಗು ಸಿಗಿಸಿ, ಬಳೆ ಝಲ್ ಅನ್ನೋ ಹಾಗೆ ಕೈ ಬೀಸಿ ತೋರಿಸಿದರು. ತಗಡಿನ ಥಿಯೇಟರ್ ತುಂಬ ದನಿ. ಕ್ಯಾಮೆರಾ ಇವಳಿಗೆ ಕಲಿಸಿದ್ದು ಇಲ್ಲಿ ಉಪಯೋಗಕ್ಕೇ ಬರಲಿಲ್ಲ.

ಸಂಜೆ ಪರವಾಗಿಲ್ಲ ಅನ್ನೋ ಹಾಗೆ ಮಾಡಿದಳು. ಮೊದಲ ಸೀನಿಗೆ ಶಿಳ್ಳೆ ಬಿದ್ದದ್ದು ಟಿವಿಯ ಅತ್ತಿಗೆಗೆ. ಆದರೆ ಕೊನೆಯ ಜಗಳದ ಸೀನಿಗೆ ಬಿದ್ದ ಚಪ್ಪಾಳೆ ಅವಳದೇ ಗಳಿಕೆ ಅಂತ ನನ್ನ ಲೆಕ್ಕ.

ಹೊರಗೆ ಬಂದರೆ ಹೆಣ್ಣುಮಕ್ಕಳ ಗುಂಪು. ಸೆಲ್ಫಿ ಎಲ್ಲ ಆಮೇಲೆ, ಮೊದಲು ಬೈಗುಳ. ಒಬ್ಬ ಅಜ್ಜಿಯಂತೂ ಕೈ ಹಿಡಿದು, 'ಯಾಕವ್ವಾ ಆ ಹುಡುಗಿಗೆ ಹಂಗ ಕಾಡಸ್ತೀ? ನಿನಗೂ ಹೆಣ್ಣಮಕ್ಕಳು ಇರಂಗಿಲ್ಲೇನು?' ಅಂತ ಗದರಿದರು. ಮರುಕ್ಷಣವೇ, 'ನಮ್ಮೂರ ಕಡಿ ಕೂಸು, ಬರಿಗೈಲೆ ಕಳಸಬಾರದು' ಅಂತ ಬಳೆ ಅಂಗಡಿಗೆ ಎಳ್ಕೊಂಡು ಹೋಗಿ ಎರಡೂ ಕೈ ತುಂಬ ಹಸಿರು ಬಳೆ ಇಡಿಸಿದರು. ಬೇಡ ಅನ್ನೋಕೆ ಬಿಟ್ಟರೆ ತಾನೆ!

ಕಾರಿನಲ್ಲಿ ಕೂತ ಮೇಲೆ ಅವಳ ಮುಖ ಬಾಡಿತು. ಧಾರಾವಾಹಿಯಲ್ಲಿ ಅರ್ಧಕ್ಕೆ ನಿಂತಿದ್ದ ಸೀನು ಮರುದಿನ ಮುಂದುವರಿಯಬೇಕು. ಅದರಲ್ಲಿ ಇರೋದು ಕೆಂಪು ಬಳೆ. ಕಂಟಿನ್ಯೂಟಿ ತಪ್ಪೋ ಹಾಗಿಲ್ಲ. ಇವು ನೋಡಿದರೆ ಬಿಗಿ, ಒಡೆದೇ ತೆಗೆಯಬೇಕು. ಜಾತ್ರೆಯಲ್ಲಿ ಇಡಿಸಿದ ಬಳೆ ಒಡೆಯೋಕೆ ಅವಳಿಗೆ ಮನಸ್ಸಿಲ್ಲ. ಹೆದರ್ತಾ ಅಸಿಸ್ಟೆಂಟ್ ಡೈರೆಕ್ಟರ್‌ಗೆ ಫೋನ್ ಮಾಡಿದಳು. ಆ ಹುಡುಗ ನಕ್ಕುಬಿಟ್ಟನಂತೆ. 'ಕೈ ಯಾರಿಗೆ ಬೇಕು ಮೇಡಂ, ಇಡೀ ಸೀನ್ ಕ್ಲೋಸಪ್‌ನಲ್ಲೇ ತೆಗೀತೀವಿ. ನೀವು ಸುಮ್ನೆ ಹುಬ್ಬು ಹಾರಿಸಿ ಸಾಕು.'