ಸ್ಯಾಂಡರ್‌ಸಯಾನಿನ್: ಪ್ರೋಟೀನಿಗೆ ನೀಲಿ ಹತ್ತಿಸುವ ಹಂತ

ಕೆನಡಾದ ನೀಲಿ ವಾಲೈ ಮೀನಿನ ಮೈಲೋಳೆಗೆ ಬಣ್ಣ ಕೊಡುವುದು ಸ್ಯಾಂಡರ್‌ಸಯಾನಿನ್ ಎಂಬ ಪ್ರೋಟೀನು. ಅದರ ರಚನೆ 2016ರಲ್ಲಿ ಪ್ರಕಟವಾಯಿತು. ಆ ಕೆಲಸದಲ್ಲಿ ಬೆಂಗಳೂರಿನ ಇನ್‌ಸ್ಟೆಮ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳ ಪಾಲು ದೊಡ್ಡದು. ಬರೀ ಪ್ರೋಟೀನಿಗೆ ಬಣ್ಣವಿಲ್ಲ. ಬಿಲಿವರ್ಡಿನ್ ಎಂಬ ಹಸಿರು ವರ್ಣಕ ಒಳಗೆ ಕೂತ ಮೇಲೆಯೇ ನೀಲಿ.

ನಮ್ಮ ಪ್ರಯೋಗಾಲಯದಲ್ಲಿ ಇ. ಕೊಲೈ ಬ್ಯಾಕ್ಟೀರಿಯಾದಲ್ಲಿ ಬೆಳೆಸಿದ ಪ್ರೋಟೀನು ಕರಗದೆ ಗಂಟಾಗಿ ತಳದಲ್ಲಿ ಸಿಗುತ್ತಿದೆ. ಆ ಗಂಟನ್ನು 8 ಮೋಲಾರ್ ಯೂರಿಯಾದಲ್ಲಿ ಬಿಡಿಸಿ, 4 ಡಿಗ್ರಿಯಲ್ಲಿ 20 ಪಟ್ಟು ಬಫರಿಗೆ (ಆಮ್ಲೀಯತೆ ಬದಲಾಗದಂತೆ ಹಿಡಿದಿಡುವ ದ್ರಾವಣ) ಹನಿಹನಿಯಾಗಿ ಬಿಟ್ಟು ಮತ್ತೆ ಮಡಿಸುತ್ತಿದ್ದೇವೆ. ಒಮ್ಮೆಲೇ ಸುರಿದರೆ ಬಫರು ಹಾಲಿನಂತೆ ಬೆಳ್ಳಗಾಗುತ್ತದೆ, ಆ ಪ್ರೋಟೀನು ಮತ್ತೆ ಕೈಗೆ ಸಿಗುವುದಿಲ್ಲ. ಯೂರಿಯಾ ದ್ರಾವಣ ಅಂದಂದೇ ಮಾಡಬೇಕು, ಬಿಸಿ ಮಾಡಲೇಬಾರದು. ಹಳೆಯದರಲ್ಲಿ ಹುಟ್ಟುವ ಸಯನೇಟ್ ಪ್ರೋಟೀನಿನ ಲೈಸಿನ್ ಎಂಬ ಅಮೈನೋ ಆಮ್ಲಗಳಿಗೆ ಅಂಟಿಕೊಳ್ಳುತ್ತದೆ.

ಬಣ್ಣ ಹತ್ತಿಸುವುದು ಹೀಗೆ. 6.2 ಮಿಲಿಗ್ರಾಂ ಬಿಲಿವರ್ಡಿನ್ ಹೈಡ್ರೋಕ್ಲೋರೈಡನ್ನು 1 ಮಿಲಿಲೀಟರ್ ಡಿಎಂಎಸ್‌ಒ ದ್ರಾವಕದಲ್ಲಿ ಕರಗಿಸಿದರೆ 10 ಮಿಲಿಮೋಲಾರ್. ಅದನ್ನು ನಂಬುವ ಮುಂಚೆ ಆಮ್ಲ ಬೆರೆಸಿದ ಮೆಥನಾಲಿನಲ್ಲಿ ಸಾವಿರಕ್ಕೆ ಒಂದರಂತೆ ತೆಳುಮಾಡಿ 388 ನ್ಯಾನೋಮೀಟರಿನಲ್ಲಿ ಬೆಳಕಿನ ಹೀರಿಕೆ ಅಳೆಯಿರಿ: ಸುಮಾರು 0.4 ಬರಬೇಕು. ಕಡಿಮೆ ಬಂದರೆ ಪುಡಿ ಹಳೆಯದು. 20 ಮೈಕ್ರೋಮೋಲಾರ್ ಪ್ರೋಟೀನಿಗೆ ಪ್ರತಿ ಮಿಲಿಲೀಟರಿಗೆ 3 ಮೈಕ್ರೋಲೀಟರ್, ಅಂದರೆ ಒಂದೂವರೆ ಪಟ್ಟು ಬಿಲಿವರ್ಡಿನ್. ಅಲ್ಯೂಮಿನಿಯಂ ಹಾಳೆ ಸುತ್ತಿ ರಾತ್ರಿಯಿಡೀ ತಣ್ಣಗೆ ಇಟ್ಟು, ಮರುದಿನ ಸಣ್ಣ ಅಣುಗಳನ್ನು ಪ್ರೋಟೀನಿನಿಂದ ಬೇರ್ಪಡಿಸುವ ಡೀಸಾಲ್ಟಿಂಗ್ ಕಾಲಮ್ ಹಾಯಿಸಿದರೆ ಹೆಚ್ಚಾದ ಹಸಿರು ಹಿಂದುಳಿಯುತ್ತದೆ, ನೀಲಿ ಪಟ್ಟಿ ಮುಂದೆ ಇಳಿಯುತ್ತದೆ.

ಕಣ್ಣಿಗೆ ನೀಲಿ ಕಂಡಿತೆಂದು ನಿಲ್ಲಬಾರದು, ಸರಿಯಾಗಿ ಮಡಿಸದ ಪ್ರೋಟೀನೂ ಬಿಲಿವರ್ಡಿನ್ ಹೀರುತ್ತದೆ. ಯಾವ ತರಂಗಾಂತರದ ಬೆಳಕನ್ನು ಎಷ್ಟು ಹೀರುತ್ತದೆಂದು ತೋರಿಸುವ ಗೆರೆ ನೋಡಬೇಕು. ಅದರಲ್ಲಿ ಬಿಡಿ ಬಿಲಿವರ್ಡಿನ್‌ನ ಕೆಂಪು ಕಡೆಯ ಉಬ್ಬು ಅಗಲ, ತಗ್ಗು. ಪ್ರೋಟೀನಿನ ಜೇಬಿನೊಳಗೆ ಕೂತರೆ 630 ನ್ಯಾನೋಮೀಟರಿನ ಹತ್ತಿರ ಎತ್ತರದ ಶಿಖರ. 750ರಲ್ಲಿ ಗೆರೆ ಸೊನ್ನೆಗೆ ಇಳಿಯದಿದ್ದರೆ ದ್ರಾವಣ ಮಬ್ಬಾಗಿದೆ ಎಂದರ್ಥ. ಸೆಂಟ್ರಿಫ್ಯೂಜ್ ಮಾಡಿ ಮತ್ತೆ ಅಳೆಯಿರಿ. ಮಾದರಿ ಹಾಕಿ ಅಳೆಯುವ ಪುಟ್ಟ ಡಬ್ಬಿ, ಅಂದರೆ ಕ್ಯುವೆಟ್, ಅಗ್ಗದ ಪ್ಲಾಸ್ಟಿಕ್ಕಿನದಾದರೆ 280ರ ಬೆಳಕನ್ನು ನುಂಗಿ ಪ್ರೋಟೀನಿನ ಲೆಕ್ಕ ಕೆಡಿಸುತ್ತದೆ, ಕ್ವಾರ್ಟ್ಸ್ ಬೇಕು.

ಈ ಪ್ರೋಟೀನಿನ ಅತ್ಯಂತ ಸುಂದರ ಗುಣವೇ ಕೆಲಸದಲ್ಲಿ ತೊಡಕೂ ಹೌದು. ನಾಲ್ಕು ಘಟಕ ಕೂಡಿದ ಸುಮಾರು 75 ಕಿಲೋಡಾಲ್ಟನ್ನಿನ ನೀಲಿ ರೂಪ ಅತಿನೇರಳೆ ಬೆಳಕಿಗೆ ಬಿಡಿ ಘಟಕಗಳಾಗಿ ಒಡೆಯುತ್ತದೆ. ಹೊಳಪು ಅಳೆಯಲು ಬೇಕಾದದ್ದೂ ಅದೇ ಅತಿನೇರಳೆ: 375ರ ಬೆಳಕು ಕೊಟ್ಟರೆ 675ರ ಸುಮಾರಿಗೆ ಕಡುಗೆಂಪು ಹೊಳೆಯುತ್ತದೆ. ಆದ್ದರಿಂದ ಗಾತ್ರ ನೋಡುವ ಜೆಲ್ ಫಿಲ್ಟ್ರೇಷನ್ ಮೊದಲು, ಹೊಳಪಿನ ಅಳತೆ ಆಮೇಲೆ. ಮುಂದಿನ ಸರದಿಯಲ್ಲಿ ಒಂದೇ ಮಾದರಿಯನ್ನು ಎರಡು ಪಾಲು ಮಾಡಿ, ಕತ್ತಲೆಯದನ್ನೂ ಬೆಳಕು ಬಿದ್ದದ್ದನ್ನೂ ಒಂದೇ ಕಾಲಮ್ಮಿನಲ್ಲಿ ಹಾಯಿಸಿ ಹೋಲಿಸುತ್ತೇವೆ.